ಗೇರ್‌ಬಾಕ್ಸ್ ಬಿಚ್ಚೋಕೆ ಮೊದಲು ಗಾಡಿ ಓಡಿಸಿ ನೋಡಿ ಅನ್ನಿ

ಆಟೋಮ್ಯಾಟಿಕ್ ಕಾರು ನಡುಗಿದ ಕೂಡಲೇ 'ಗೇರ್‌ಬಾಕ್ಸ್ ಹೋಗಿದೆ' ಅನ್ನುವ ಗ್ಯಾರೇಜಿಗೆ ಗಾಡಿ ಬಿಟ್ಟು ಬರಬೇಡಿ.

ನನ್ನದು ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್ ಪೆಟ್ರೋಲ್ ಕಾರು, ಸೆಕೆಂಡ್ ಹ್ಯಾಂಡ್. ಶಿರಸಿಯಿಂದ ದೇವಿಮನೆ ಘಾಟಿ ಇಳಿದು, ಕುಮಟಾ ದಾಟಿ ಅಂಕೋಲಾ ಕಡೆ ಹೆದ್ದಾರಿ 66ರಲ್ಲಿ 60ರ ಆಸುಪಾಸು ಆಕ್ಸಿಲರೇಟರ್ ಹಗುರಾಗಿ ಒತ್ತಿಕೊಂಡು ಹೋಗುವಾಗ ಗಾಡಿ ಜರ್ರ್ ಅಂತ ನಡುಗುತ್ತಿತ್ತು, ಸಾಲಾಗಿ ಹಾಕಿದ ಸಣ್ಣ ಹಂಪ್‌ಗಳ ಮೇಲೆ ಹೋದ ಹಾಗೆ. ಸ್ವಲ್ಪ ಹೊತ್ತು ಅಷ್ಟೇ. ವಾಪಸ್ ಬರುವಾಗ ಘಾಟಿಯ ಏರಿನಲ್ಲಿ ಜೋರಾಗಿ ಒತ್ತಿದರೆ ನಡುಕವೇ ಇಲ್ಲ!

ಈ ಸುಳಿವೇ ಮುಖ್ಯ. ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ಕೆಟ್ಟು ಎಂಜಿನ್ ಒಳಗೆ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದೆ ಮಿಸ್‌ಫೈರ್ ಆದರೂ ಗಾಡಿ ಹೆಚ್ಚುಕಡಿಮೆ ಹೀಗೇ ನಡುಗುತ್ತದೆ. ಆದರೆ ಅದು ಸಾಮಾನ್ಯವಾಗಿ ಏರಿನಲ್ಲಿ ಜಾಸ್ತಿಯಾಗುತ್ತದೆ. ಇಷ್ಟೆಲ್ಲ ಹೇಳಿದರೂ ಗ್ಯಾರೇಜಿನವರು ಗಾಡಿ ಓಡಿಸಲಿಲ್ಲ, ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಲಿಲ್ಲ. ಮೊದಲು ಪ್ಲಗ್, ಕಾಯಿಲ್ ಎಲ್ಲ ಬದಲಿಸಿದರು. ಆಮೇಲೆ 'ಈ ಎಣ್ಣೆ ಎಲ್ಲ ಗಾಡಿಗೂ ಆಗ್ತದೆ ಸಾರ್' ಅಂತ ಗೇರ್‌ಬಾಕ್ಸಿಗೆ ಯಾವುದೋ ಎಣ್ಣೆ ತುಂಬಿದರು. ನಡುಕ ಇನ್ನೂ ಜಾಸ್ತಿಯಾಯಿತು. ಕೊನೆಗೆ ಹೊಸ ಗೇರ್‌ಬಾಕ್ಸ್ ಹಾಕಬೇಕು ಅಂತ ಲಕ್ಷ ದಾಟಿದ ಎಸ್ಟಿಮೇಟ್.

ಗಾಡಿ ಎತ್ತಿಕೊಂಡು ಕಾರವಾರದಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಅವರು ಬಾನೆಟ್ ತೆಗೆಯಲೇ ಇಲ್ಲ, ಪಕ್ಕದಲ್ಲಿ ಕೂತು 'ನಡೀರಿ' ಅಂದರು. ಖಾಲಿ ರಸ್ತೆಯಲ್ಲಿ ನಡುಕ ಶುರುವಾದಾಗ, 'ಆಕ್ಸಿಲರೇಟರ್ ಬಿಡಬೇಡಿ, ಎಡಗಾಲಲ್ಲಿ ಬ್ರೇಕ್ ಸುಮ್ನೆ ಮುಟ್ಟಿ, ಬ್ರೇಕ್ ಲೈಟ್ ಹತ್ತಿದರೆ ಸಾಕು' ಅಂದರು. ಮುಟ್ಟಿದೆ. ಥಟ್ಟನೆ ನಿಂತಿತು. ಒಂದೇ ಹದದಲ್ಲಿ ಹೋಗುವಾಗ ಕನ್ವರ್ಟರ್ ಒಳಗಿನ ಲಾಕಪ್ ಕ್ಲಚ್ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಹಿಡಿದುಕೊಳ್ಳುತ್ತದೆ, ಬ್ರೇಕ್ ಮುಟ್ಟಿದರೆ ಬಿಟ್ಟುಬಿಡುತ್ತದೆ. ಏರಿನಲ್ಲಿ ಜೋರಾಗಿ ಒತ್ತಿದಾಗಲೂ ಸಾಮಾನ್ಯವಾಗಿ ಹಾಗೆಯೇ. ಎಣ್ಣೆ ಕೆಟ್ಟಿದ್ದರೆ ಅಥವಾ ತಪ್ಪು ಎಣ್ಣೆಯಾದರೆ ಅದು ಸರಿಯಾಗಿ ಹಿಡಿಯದೆ ಹಿಡಿದು-ಜಾರಿ ಮಾಡುತ್ತದೆ, ಅದೇ ಈ ನಡುಕ. ಸ್ಕ್ಯಾನರ್‌ನಲ್ಲಿ ಪಿ0300 ಬಂದರೆ ಮಿಸ್‌ಫೈರ್ ಕಡೆ ನೋಡಬೇಕು, ಪಿ0741 ಬಂದರೆ ಲಾಕಪ್ ಕಡೆ. ನನ್ನದರಲ್ಲಿ ಎರಡೂ ಇರಲಿಲ್ಲ, ಕೋಡ್ ಬರದೆಯೂ ನಡುಗಬಹುದಂತೆ.

ಎಣ್ಣೆ ಇಳಿಸಿದಾಗ ಕಪ್ಪಗಿತ್ತು, ಸುಟ್ಟ ವಾಸನೆ. ಅಂದರೆ ಮೊದಲಿನ ಗ್ಯಾರೇಜಿನವರು ಹಳೇದನ್ನು ಪೂರ್ತಿ ತೆಗೆಯದೆ ಅದರ ಮೇಲೇ ಸುರಿದಿದ್ದರು. ಮ್ಯಾನ್ಯುಯಲ್‌ನಲ್ಲಿ ಹೇಳಿದ ಎಣ್ಣೆಯನ್ನೇ ತರಿಸಿ ಹಾಕಿದರು. ಒಂದು ಸಲ ಇಳಿಸಿದರೆ ಕನ್ವರ್ಟರ್ ಒಳಗಿನದು ಪೂರ್ತಿ ಬರುವುದಿಲ್ಲ, ಹಾಗಾಗಿ ಸ್ವಲ್ಪ ಓಡಿಸಿ ಮತ್ತೊಮ್ಮೆ ಬದಲಿಸಿದರು. ನಡುಕ ಹೋಯಿತು. ಕ್ಲಚ್ ಲೈನಿಂಗ್ ಸವೆದಿದ್ದರೆ ಎಣ್ಣೆಯಿಂದ ಆಗುವುದಿಲ್ಲ, ಕನ್ವರ್ಟರ್ ಬದಲಿಸಬೇಕು ಅಂತ ಅವರು ಮೊದಲೇ ಹೇಳಿದ್ದರು.

ಸಿವಿಟಿ, ಡ್ಯುಯಲ್ ಕ್ಲಚ್ ಅನ್ನುವ ಬೇರೆ ಬಗೆಯ ಆಟೋಮ್ಯಾಟಿಕ್ ಗಾಡಿಗಳ ಕಥೆ ಬೇರೆ. ಅವುಗಳ ಎಣ್ಣೆಯೂ ಬೇರೆ.

ಬಿಲ್‌ನಲ್ಲಿ ಎಣ್ಣೆಯ ಪೂರ್ತಿ ಹೆಸರು ಬರೆಸಿಕೊಳ್ಳಿ. ನನ್ನ ಮೊದಲ ಬಿಲ್‌ನಲ್ಲಿ ಬರೀ 'ಗೇರ್ ಆಯಿಲ್' ಅಂತಿತ್ತು. ಯಾವುದು ಅಂತ ಕೇಳಲು ಹೋದರೆ, ಡಬ್ಬ ಗುಜರಿಗೆ ಹಾಕಿ ಆಯ್ತು ಅಂದರು.