ಕೈಪಂಪಿನ ನಾಝಲ್ ಟೆಸ್ಟರ್: ಮಸಿ ಹಿಡಿದುಕೊಡುತ್ತದೆ, ಕಾಣದ ಹೊಗೆಯನ್ನಲ್ಲ

ಟ್ರ್ಯಾಕ್ಟರ್, ಪಂಪ್‌ಸೆಟ್, ಜನರೇಟರ್ ರಿಪೇರಿ ಮಾಡುವ ಗ್ಯಾರೇಜಿಗೆ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್ಲನ್ನು ಹೊರತೆಗೆದು ಪರೀಕ್ಷಿಸಲು 0–400 ಬಾರ್ (ಒತ್ತಡದ ಅಳತೆ) ಗೇಜಿನ ಕೈಪಂಪ್ ಟೆಸ್ಟರ್ ಬೇಕೇ ಬೇಕು. ಕಪ್ಪು ಹೊಗೆ ಕಂಡ ಕೂಡಲೇ ಎಂಜಿನ್ನಿನ ಇಂಧನ ಪಂಪಿನಲ್ಲಿ ಡೀಸೆಲ್ ಕಡಿಮೆ ಮಾಡಿ ಕಳಿಸುವವರಿದ್ದಾರೆ. ಆಗ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ, ಕೆಟ್ಟ ನಾಝಲ್ ಮಾತ್ರ ಹಾಗೇ ಇರುತ್ತದೆ.

ಮೊದಲು ನೋಡಬೇಕಾದ್ದು ನಾಝಲ್ ತೆರೆಯುವ ಒತ್ತಡ. ನೇರ ಇಂಜೆಕ್ಷನ್ನಿನ ಹಳೆಯ ಎಂಜಿನ್‌ಗಳಲ್ಲಿ ಇದು ಸಾಮಾನ್ಯವಾಗಿ 200 ಬಾರ್ ಆಸುಪಾಸು. ನಿಖರ ಅಂಕಿ ಕಂಪನಿಯ ಕೈಪಿಡಿಯಲ್ಲಿರುತ್ತದೆ. ಸ್ಪ್ರಿಂಗ್ ಸೋತು ಒತ್ತಡ ಇಳಿದಿದ್ದರೆ ಹನಿ ದಪ್ಪವಾಗುತ್ತದೆ, ಆವಿಯಾಗಲು ತಡವಾಗುತ್ತದೆ, ಗಾಳಿ ಒಳಗೆ ಬೆರೆಯುವ ಮೊದಲೇ ಸುತ್ತ ಬೆಂಕಿ ಹತ್ತುತ್ತದೆ. ಆಮ್ಲಜನಕ ಸಾಲದ ಆ ನಡುಭಾಗದಲ್ಲಿ ಡೀಸೆಲ್ ಅಣುಗಳು ಕಾವಿಗೆ ಒಡೆದು, ಉಂಗುರಗಳಾಗಿ ಕೂಡಿ, ಮಸಿಯ ಕಣಗಳಾಗಿ ಬೆಳೆಯುತ್ತವೆ. ಸರಿಯಾದ ದಪ್ಪದ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿದರೆ ಒತ್ತಡ ಮತ್ತೆ ಏರುತ್ತದೆ.

ಆಮೇಲೆ ಸೋರಿಕೆ. ತೆರೆಯುವ ಒತ್ತಡಕ್ಕಿಂತ 20 ಬಾರ್ ಕೆಳಗೆ 10 ಸೆಕೆಂಡ್ ಹಿಡಿದರೆ ತುದಿಯಿಂದ ಹನಿ ಬೀಳಬಾರದು. ಬರೀ ಸ್ಪ್ರೇ ನೋಡಿ ಪಾಸು ಮಾಡುವುದು ದೊಡ್ಡ ತಪ್ಪು. ತೊಟ್ಟಿಕ್ಕಿದ ಡೀಸೆಲ್ ಸಿಲಿಂಡರಿಗೆ ಸೇರುವ ಹೊತ್ತಿಗೆ ಕಾವು ಇಳಿಯುತ್ತಿರುತ್ತದೆ; ಅರೆಬರೆ ಉರಿದು ಹೈಡ್ರೋಕಾರ್ಬನ್, ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಬೀಳುತ್ತದೆ. ನಾಝಲ್ ತುದಿಗೆ ಕಾರ್ಬನ್ ಕಟ್ಟುವುದಕ್ಕೂ ಇದು ಕಾರಣ.

ಕೊನೆಗೆ ಸ್ಪ್ರೇ: ಹಿಡಿಕೆಯನ್ನು ಬೇಗ ಬೇಗ ಒತ್ತಿ ಎಲ್ಲ ರಂಧ್ರಗಳಿಂದಲೂ ಸಮನಾದ ಮಂಜು ಬರುತ್ತಿದೆಯೇ ನೋಡಿ. ಆಗ ಗೇಜಿನ ವಾಲ್ವ್ ಮುಚ್ಚಿರಬೇಕು, ಇಲ್ಲವಾದರೆ ಗೇಜ್ ಹಾಳಾಗುತ್ತದೆ. ಈ ವಾಲ್ವ್ ಇಲ್ಲದ ಅಗ್ಗದ ಮಾದರಿ ಬೇಡ.

ಟೆಸ್ಟರಿಗೆ ಸಿಗದ್ದು ನೈಟ್ರೋಜನ್ ಆಕ್ಸೈಡ್. ಸ್ಪ್ರೇಯ ಹೊರ ಅಂಚಿನಲ್ಲಿ ಗಾಳಿ, ಇಂಧನ ಹದವಾಗಿ ಬೆರೆತು ಜ್ವಾಲೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಾಳಿಯ ಸಾರಜನಕವೇ ಆಮ್ಲಜನಕದೊಡನೆ ಸೇರುತ್ತದೆ. ಟೈಮಿಂಗ್ ಮುಂದೆ ಸರಿಸಿದರೆ, ಅಂದರೆ ಡೀಸೆಲ್ ಬೇಗ ಸಿಂಪಡಿಸುವಂತೆ ಮಾಡಿದರೆ, ಮಸಿ ಇಳಿದು ಇದು ಏರುತ್ತದೆ. ಸೈಲೆನ್ಸರಿನ ಹೊಗೆ ತಿಳಿಯಾಗಿ ಕಾಣುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ನಾಝಲ್ ಸರಿಮಾಡಿದ ಮೇಲೆ ಟೈಮಿಂಗನ್ನು ಕೈಪಿಡಿಯ ಗುರುತಿಗೇ ಇಡಿ.

ಹೊಸ ಎಂಜಿನ್‌ಗಳ ಕಾಮನ್ ರೇಲ್ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ವ್ಯವಸ್ಥೆ) ಇಂಜೆಕ್ಟರಿಗೆ ಈ ಟೆಸ್ಟರ್ ಆಗದು; ಅಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ, ತೆರೆಯುವುದೂ ವಿದ್ಯುತ್ತಿನಿಂದ. ಟೆಸ್ಟರಿನಲ್ಲಿ ಡೀಸೆಲ್ ಬದಲು ಪರೀಕ್ಷೆಗೆಂದೇ ಇರುವ ಕ್ಯಾಲಿಬ್ರೇಷನ್ ಆಯಿಲ್ ಬಳಸಿ, ಕನ್ನಡಕ ಹಾಕಿಕೊಳ್ಳಿ. ಸ್ಪ್ರೇಗೆ ಕೈ ಒಡ್ಡಲೇಬೇಡಿ: ಚರ್ಮ ತೂರಿ ಒಳಹೊಕ್ಕ ಎಣ್ಣೆಗೆ ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.