ಟ್ರೇಲ್ ಕ್ಯಾಮೆರಾಗೆ ಎನೆಲೂಪ್ ಸೆಲ್: ಮೂರು ಮಳೆಗಾಲ ಕಳೆದ ಮೇಲೆ

ನಮ್ಮ ಕಾಫಿ ತೋಟ ಸಕಲೇಶಪುರದ ಕಡೆ. ಆನೆ ಎಷ್ಟು ಹೊತ್ತಿಗೆ, ಯಾವ ಕಂಡಿಯಿಂದ ಒಳಗೆ ಬರುತ್ತದೆ ಅಂತ ಗೊತ್ತಾಗಲಿ ಎಂದು ಎರಡು ಟ್ರೇಲ್ ಕ್ಯಾಮೆರಾ, ಅಂದರೆ ಮರಕ್ಕೆ ಕಟ್ಟಿದರೆ ಮುಂದೆ ಏನಾದರೂ ಅಲ್ಲಾಡಿದಾಗ ತಾನೇ ಫೋಟೋ ತೆಗೆಯುವಂಥವು, ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಕೆಲಸದವರು ಬರುವ ಮುಂಚೆ ಕಾರ್ಡ್ ತೆಗೆದು ನೋಡಿ, ಇವತ್ತು ಕೆರೆ ಪಕ್ಕದ ಪಟ್ಟೆಗೆ ಹೋಗಬೇಡಿ ಅಂತ ಹೇಳುವುದು ನಮಗೆ ಅಷ್ಟು ಮುಖ್ಯ. ಆದರೆ ಆರಿದ್ರಾ ಮಳೆ ಹಿಡಿದುಕೊಂಡಿತು ಅಂದರೆ ಕ್ಯಾಮೆರಾ ಮರದ ಮೇಲಿದ್ದೂ ಉಪಯೋಗವಿಲ್ಲ. ಗ್ಲಾಸ್ ಮೇಲೆ ನೀರು, ಗಾಳಿಗೆ ಅಲ್ಲಾಡಿದ ಕೊಂಬೆಗಳದ್ದೇ ನೂರಾರು ಫೋಟೋ. ಹಾಗಾಗಿ ಬಿಚ್ಚಿ ತಂದು ಅಕ್ಟೋಬರ್‌ವರೆಗೆ ಮನೆಯಲ್ಲಿಡುತ್ತೇನೆ.

ಮೊದಲ ವರ್ಷ ರೀಚಾರ್ಜ್ ಆಗದ ಆಲ್ಕಲೈನ್ ಸೆಲ್ ಸಮೇತ ಬೀರುವಿನಲ್ಲಿಟ್ಟೆ. ಆಫ್ ಮಾಡಿದ್ದೇನಲ್ಲ, ಸಾಕು ಅಂದುಕೊಂಡೆ. ಭತ್ತ ಹಾಲು ತುಂಬುವ ಹೊತ್ತಿಗೆ ಆನೆ ಬರಲು ಶುರುವಾಯಿತು. ಕ್ಯಾಮೆರಾ ತೆಗೆದು ನೋಡಿದರೆ ಒಂದರ ಸೆಲ್ ಗೂಡಿನ ತುಂಬ ಬಿಳಿ ಪುಡಿ, ಸ್ಪ್ರಿಂಗುಗಳು ಹಸಿರುಗಟ್ಟಿವೆ. ಅದಕ್ಕೆ ಮುಂಚೆ ಒಮ್ಮೆ ಆನೆ ಸೊಂಡಿಲಿನಿಂದ ಕಿತ್ತು ಎಸೆದಾಗಲೂ ಏನೂ ಆಗದ ಕ್ಯಾಮೆರಾ ಅದು! ಬೀರುವಿನಲ್ಲಿ ಸುಮ್ನೆ ಇದ್ದು ಹಾಳಾಯಿತು. ಹಾಸನದಲ್ಲಿ ರಿಪೇರಿಯವರಿಗೆ ತೋರಿಸಿದೆ. "ನೀರು ಬಿದ್ದಿದ್ರೆ ಒಣಗಿಸಿ ಕೊಡ್ತಿದ್ದೆ ಸಾರ್, ಇದು ಸೆಲ್ಲಿನ ರಸ, ಬೋರ್ಡನ್ನೇ ತಿಂದಿದೆ" ಅಂದರು.

ಯಾಕೆ ಹೀಗಾಗುತ್ತದೆ ಅಂತ ಆಮೇಲೆ ತಿಳಿದುಕೊಂಡೆ. ಆಲ್ಕಲೈನ್ ಸೆಲ್ ಒಳಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಖಾರವಾದ ಕ್ಷಾರ ಇರುತ್ತದೆ. ಸತು ನಿಧಾನವಾಗಿ ಕರಗುತ್ತಾ ಗ್ಯಾಸ್ ಹುಟ್ಟುತ್ತದೆ, ಒತ್ತಡ ಹೆಚ್ಚಾದಾಗ ಸೀಲ್ ಬಿಟ್ಟುಕೊಂಡು ರಸ ಹೊರಗೆ ಬರುತ್ತದೆ. ಕ್ಯಾಮೆರಾದಲ್ಲಿ ಎಂಟು ಸೆಲ್ ಸಾಲಾಗಿ ಕೂತಿರುವುದರಿಂದ ಅಪಾಯ ಇನ್ನೂ ಜಾಸ್ತಿ. ಒಂದು ಸೆಲ್ ಮೊದಲು ಖಾಲಿಯಾದರೆ ಉಳಿದವು ಅದರೊಳಗೆ ಉಲ್ಟಾ ಕರೆಂಟ್ ನೂಕುತ್ತವೆ, ಮೊದಲು ಸೋರುವುದು ಅದೇ. ಹಳೆಯದು ಹೊಸದು ಬೆರೆಸಿ ಹಾಕಬಾರದು ಅನ್ನುವುದು ಇದಕ್ಕೇ. ನಾನು ಬೆರೆಸಿದ್ದೆ.

ಆ ವರ್ಷವೇ ಪ್ಯಾನಾಸಾನಿಕ್ ಎನೆಲೂಪ್ ತಗೊಂಡೆ. ಬಿಳಿ ಬಣ್ಣದ್ದು, ಎಎ ಸೈಜು, ಅಂದರೆ ನಾವು ಪೆನ್ಸಿಲ್ ಸೆಲ್ ಅನ್ನುವುದು. ರೀಚಾರ್ಜ್ ಮಾಡುವಂಥದ್ದು, ನಿಕಲ್ ಮೆಟಲ್ ಹೈಡ್ರೈಡ್. ಹಳೆಯ ರೀಚಾರ್ಜ್ ಸೆಲ್‌ಗಳು ಇಟ್ಟಲ್ಲೇ ಕೆಲವು ವಾರಗಳಲ್ಲಿ ಇಳಿದುಹೋಗುತ್ತಿದ್ದವು, ನೆನಪಿದೆಯಾ? 2005ರಲ್ಲಿ ಸ್ಯಾನ್ಯೋ ಕಂಪನಿ (ಆಮೇಲೆ ಅದನ್ನು ಪ್ಯಾನಾಸಾನಿಕ್ ಕೊಂಡುಕೊಂಡಿತು) ಎನೆಲೂಪ್ ತಂದಿದ್ದೇ ಆ ತೊಂದರೆ ತಪ್ಪಿಸಲು. ನನ್ನ ಅನುಭವದಲ್ಲಿ ಅದು ನಿಜ. ಜೂನ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿ ಇಟ್ಟದ್ದನ್ನು ಅಕ್ಟೋಬರ್‌ನಲ್ಲಿ ಮಲ್ಟಿಮೀಟರ್ ಹಿಡಿದು ನೋಡಿದರೆ ಒಂದೊಂದೂ 1.3 ವೋಲ್ಟ್ ಆಸುಪಾಸು. ನೇರ ಕ್ಯಾಮೆರಾಗೆ ಹಾಕಿ ಅದೇ ಸಂಜೆ ಮರಕ್ಕೆ ಕಟ್ಟಿದೆ. ಮೂರು ಮಳೆಗಾಲ ಕಳೆದರೂ ಒಂದೂ ಸೋರಿಲ್ಲ.

ಕೊಳ್ಳುವ ಮುಂಚೆ ಒಂದು ವಿಷಯ ತಿಳಿದಿರಲಿ. ಆಲ್ಕಲೈನ್ ಹೊಸದರಲ್ಲಿ 1.5 ವೋಲ್ಟ್, ಈ ಜಾತಿಯ ಸೆಲ್ ಕೆಲಸ ಮಾಡುವಾಗ ಸುಮಾರು 1.2. ಎಂಟು ಸೇರಿದರೆ 12ರ ಬದಲು 9.6. ಅದಕ್ಕೇ ಕ್ಯಾಮೆರಾದ ಬ್ಯಾಟರಿ ಗುರುತು ಮೊದಲ ದಿನವೇ ಅರ್ಧ ತೋರಿಸಬಹುದು, ಗಾಬರಿ ಬೇಡ. ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ಸೆಲ್ ಯಾವ ಜಾತಿಯದು ಅಂತ ಆರಿಸುವ ಜಾಗ ಇರುತ್ತದೆ, ಅಲ್ಲಿ ಸರಿಮಾಡಿ. ಆದರೆ ಕೊನೆಗೆ ಈ ಸೆಲ್ ದಿಢೀರ್ ಅಂತ ನಿಂತುಬಿಡುತ್ತದೆ, ಹಾಗಾಗಿ ನಾನು ದಿನ ಲೆಕ್ಕ ಇಟ್ಟು ಬದಲಾಯಿಸುತ್ತೇನೆ. ನಿಮ್ಮ ಕ್ಯಾಮೆರಾ ಕಡಿಮೆ ವೋಲ್ಟೇಜ್ ಒಪ್ಪದಿದ್ದರೆ ಲಿಥಿಯಂ ಎಎ ಇದೆ. ಹಗುರ, 1.5 ವೋಲ್ಟ್, ಎಷ್ಟೋ ವರ್ಷ ಇಟ್ಟರೂ ಕೆಡುವುದಿಲ್ಲ, ಆದರೆ ರೀಚಾರ್ಜ್ ಆಗುವುದಿಲ್ಲ. ಪ್ರತಿ ಸಲ ಎಂಟೆಂಟು ಕೊಳ್ಳುವುದು ನನ್ನ ಕೈಯಲ್ಲಾಗದು.

ಎನೆಲೂಪ್ ಆದರೂ ಕ್ಯಾಮೆರಾದೊಳಗೆ ಬಿಡಬೇಡಿ. ಪೂರ್ತಿ ಇಳಿದರೆ ಇದಕ್ಕೂ ಪೆಟ್ಟು. ತೆಗೆದು, ಚಾರ್ಜ್ ಮಾಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಕೀಲಿ, ಚಿಲ್ಲರೆ ಜೊತೆ ಹಾಕಿದರೆ ಶಾರ್ಟ್ ಆಗುತ್ತದೆ. ಎಂಟರ ಒಂದೊಂದು ಸೆಟ್ಟಿಗೂ ಮಾರ್ಕರ್‌ನಲ್ಲಿ ಗುರುತು ಮಾಡಿ, ಬೆರೆಯದಿರಲಿ. ಫ್ರಿಜ್ಜಿನಲ್ಲಿ ಇಡಬೇಡಿ, ಹೊರಗೆ ತೆಗೆದಾಗ ಬೆವರುತ್ತದೆ.

ನಮ್ಮ ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಏನೇ ಒಣಗಿರಬೇಕು ಅಂದರೂ ಒಲೆ ಮೇಲಿನ ಅಟ್ಟಕ್ಕೆ ಹಾಕುವ ರೂಢಿ, ಅಲ್ವಾ? ನಮ್ಮ ಅಮ್ಮ ಕ್ಯಾಮೆರಾವನ್ನೂ ಅಲ್ಲೇ ಇಡು ಅಂದರು. ಕೊಬ್ಬರಿಗೆ, ಬಿತ್ತನೆ ಬೀಜಕ್ಕೆ ಅದು ಒಳ್ಳೆಯ ಜಾಗ. ಸೆಲ್ಲಿಗೆ ಬಿಸಿ ಆಗದು, ಲೆನ್ಸಿಗೆ ಹೊಗೆ ಆಗದು. ನಾನು ಕ್ಯಾಮೆರಾವನ್ನು ರಬ್ಬರ್ ಅಂಚಿನ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಬಣ್ಣ ಬದಲಾಯಿಸುವ ಜೆಲ್ ತಗೊಳ್ಳಿ, ಯಾವಾಗ ಮತ್ತೆ ಬಿಸಿ ಮಾಡಿ ಒಣಗಿಸಬೇಕು ಅಂತ ಕಣ್ಣಿಗೇ ಕಾಣುತ್ತದೆ. ಕಟ್ಟುವ ಪಟ್ಟಿಯನ್ನು ಮಾತ್ರ ಬೇರೆ ಇಡಿ, ಬೂಷ್ಟು ಶುರುವಾಗುವುದೇ ಅದರಿಂದ.

ಈಗಾಗಲೇ ಸ್ವಲ್ಪ ಸೋರಿದ್ದರೆ ಬಿಸಾಡಬೇಡಿ. ಕೈಗವಸು ಹಾಕಿಕೊಂಡು, ಕಣ್ಣಿಗೆ ತಾಗದಂತೆ ಪುಡಿ ತೆಗೆಯಿರಿ. ಹತ್ತಿ ಕಡ್ಡಿಗೆ ಒಂದೇ ಹನಿ ವಿನೆಗರ್ ಅಥವಾ ನಿಂಬೆರಸ ಹಚ್ಚಿ ಒರೆಸಿ, ಕ್ಷಾರ ಸಾಯುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಒಂದು ದಿನ ಒಣಗಲು ಬಿಡಿ. ನನ್ನ ಎರಡನೇ ಕ್ಯಾಮೆರಾ ಉಳಿದಿದ್ದು ಹೀಗೆ.

ಮತ್ತೆ ಕಟ್ಟುವಾಗ ತಾರೀಕು, ಸಮಯ ನೋಡಿ. ಸೆಲ್ ತೆಗೆದಿಟ್ಟರೆ ಎಷ್ಟೋ ಕ್ಯಾಮೆರಾಗಳಲ್ಲಿ ಅದು ಅಳಿಸಿಹೋಗುತ್ತದೆ. ಕಳೆದ ಅಕ್ಟೋಬರ್‌ನಲ್ಲಿ ಸರಿಮಾಡಿ ಕಟ್ಟಿದ ಮೊದಲ ರಾತ್ರಿಯೇ 2 ಗಂಟೆ 40 ನಿಮಿಷಕ್ಕೆ ಒಂದು ತಾಯಿ ಮತ್ತು ಮರಿ, ಕೆರೆ ಏರಿ ಮೇಲೆ.