ಹಿತ್ತಲಿಗೆ ಯಾವ ಅಂಜೂರ: ಪೂನಾ ಅಥವಾ ಡಯಾನಾ?

ಅಂಜೂರಕ್ಕೆ ಬಳ್ಳಾರಿಯ ಒಣ ಬಿಸಿಲೆಂದರೆ ಪ್ರೀತಿ, ಹಾಸನದ ಮಂಜೆಂದರೆ ಅಷ್ಟಕ್ಕಷ್ಟೆ. ಬೇಸಿಗೆಯ ಬೆಳೆಯಲ್ಲಿ ಯಾವ ತಳಿಯಾದರೂ ಸಿಹಿಯಾಗಿಯೇ ಬರುತ್ತದೆ. ತಳಿಯ ಗುಣ ಬಯಲಾಗುವುದು ಮಳೆಗಾಲದ ಬೆಳೆಯ ಕೊನೆಯ ಕಾಯಿಗಳಲ್ಲಿ, ದೀಪಾವಳಿಯ ಆಸುಪಾಸಿನಲ್ಲಿ. ಮಹಾರಾಷ್ಟ್ರದ ಬೆಳೆಗಾರರು ಬೇಸಿಗೆಯದನ್ನು ಮೀಠಾ (ಸಿಹಿ) ಬಹಾರ್, ಮಳೆಗಾಲದ್ದನ್ನು ಖಟ್ಟಾ (ಹುಳಿ) ಬಹಾರ್ ಎಂದು ಸುಮ್ಮನೆ ಕರೆದಿಲ್ಲ. ನಮ್ಮ ಹಿತ್ತಲಿನಲ್ಲಿ ಪೂನಾ, ಡಯಾನಾ ಎರಡೂ ಅಕ್ಕಪಕ್ಕದಲ್ಲಿವೆ; ಮಣ್ಣು, ನೀರು, ಕೊಟ್ಟಿಗೆ ಗೊಬ್ಬರ ಎಲ್ಲವೂ ಒಂದೇ.

ರುಚಿಯಲ್ಲಿ ಪೂನಾ ಮುಂದು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಸಿಪ್ಪೆ ತೆಳು. ಮಾಗುವ ಹೊತ್ತಿಗೆ ಹಿಂಗಾರಿನ ಒಂದು ಜೋರು ಮಳೆ ಬಿದ್ದರೆ ಹಣ್ಣು ಸೀಳಿ, ಮರುದಿನವೇ ಹುಳಿ ವಾಸನೆ ಬರುತ್ತದೆ. ನೇರಳೆಗೆ ತಿರುಗುವ ಮೊದಲೇ ಪಿಕಳಾರಗಳಿಗೆ ಸುದ್ದಿ ಮುಟ್ಟಿರುತ್ತದೆ. ಡಯಾನಾ ದಪ್ಪ ಹಣ್ಣು, ಗಟ್ಟಿ ಸಿಪ್ಪೆ. ಮಾಗಿದರೂ ಹಳದಿ ಮಿಶ್ರಿತ ಹಸಿರಾಗಿಯೇ ಇರುವುದರಿಂದ ಹಕ್ಕಿಗಳ ಕಣ್ಣಿಗೆ ಬೀಳುವುದು ತಡ. ತೊಂದರೆಯೆಂದರೆ ನಮ್ಮ ಕಣ್ಣಿಗೂ ಬೀಳುವುದಿಲ್ಲ. ಬಣ್ಣ ನಂಬದೆ ತೊಟ್ಟನ್ನು ನೋಡಬೇಕು: ಸೆಟೆದು ನಿಂತಿದ್ದ ಕಾಯಿ ಜೋಲುಬಿದ್ದು, ಮುಟ್ಟಿದರೆ ಮೆತ್ತಗಿದ್ದರೆ ಕೀಳಬಹುದು. ತೊಟ್ಟಿನಿಂದ ಹಾಲು ಧಾರಾಳವಾಗಿ ಸುರಿದರೆ ಅವಸರವಾಯಿತೆಂದೇ ಅರ್ಥ. ಆ ಹಾಲು ಕೈಗೆ ತಗುಲಿದರೆ ತುರಿಕೆ ಬೇರೆ. ಬಾಳೆಗೊನೆಯಂತೆ ಕಿತ್ತಿಟ್ಟು ಹಣ್ಣು ಮಾಡುವ ಬೆಳೆ ಇದಲ್ಲ.

ತುಕ್ಕು ರೋಗ ಎರಡನ್ನೂ ಬಿಡುವುದಿಲ್ಲ. ಉದುರಿದ ಎಲೆಗಳನ್ನು ಗುಡಿಸಿ ಸುಡುವುದೊಂದೇ ನನ್ನ ಉಪಚಾರ.

ಹಕ್ಕಿಗಳಿಗೆ ಮೊದಲು ಗಿಡದ ಮೇಲೆ ಬಲೆ ಹಾಸಿದೆ. ಬಲೆಗೆ ತಾಗಿದ ಹಣ್ಣುಗಳನ್ನು ಹೊರಗಿನಿಂದಲೇ ಕುಕ್ಕಿದವು. ಹಳೆಯ ಪಂಚೆಯ ಚೀಲ ಹೊಲಿದು ಒಂದೊಂದು ಹಣ್ಣಿಗೆ ಕಟ್ಟುವುದು ಬೇಸರದ ಕೆಲಸವಾದರೂ ಬಾವಲಿಯನ್ನೂ ತಡೆಯುತ್ತದೆ.

ಮಾಗುವುದನ್ನು ಬೇಗ ಮಾಡಲು ಬಲಿತ ಕಾಯಿಯ ಕಣ್ಣಿಗೆ, ಅಂದರೆ ತುದಿಯ ಸಣ್ಣ ರಂಧ್ರಕ್ಕೆ, ಒಂದು ಹನಿ ಎಣ್ಣೆ ಮುಟ್ಟಿಸುವ ಹಳೆಯ ಉಪಾಯವಿದೆ. ಎರಡರಲ್ಲೂ ಫಲಿಸಿತು, ಎಣ್ಣೆ ಮುಟ್ಟಿಸಿದವು ಪಕ್ಕದ ಕಾಯಿಗಳಿಗಿಂತ ಮೊದಲೇ ಉಬ್ಬಿದವು. ಪೂನಾದ ರುಚಿ ಮಾತ್ರ ತುಸು ಸಪ್ಪೆಯಾಯಿತು. ಮಳೆಯ ಮುನ್ಸೂಚನೆ ಇದ್ದರೆ ಆ ನಷ್ಟವನ್ನು ಒಪ್ಪಿಕೊಳ್ಳುತ್ತೇನೆ.

ಹಾಸನದಲ್ಲಿ ಒಂದೇ ಗಿಡಕ್ಕೆ ಜಾಗವಿದ್ದರೆ ಡಯಾನಾ ನೆಡಿ. ಅರಸೀಕೆರೆಯ ಒಣ ಬಯಲಿನವರು ಧೈರ್ಯವಾಗಿ ಪೂನಾ ಹಾಕಬಹುದು. ಸಕಲೇಶಪುರದ ಕಡೆಯವರಿಗೆ ನೆಲ ಬೇಡ. ಯಾವ ತಳಿಯಾದರೂ ದೊಡ್ಡ ಕುಂಡದಲ್ಲಿಟ್ಟು, ಮಳೆ ಬಂದಾಗ ಸೂರಿನ ಕೆಳಗೆ ಎಳೆದುಕೊಳ್ಳಿ.